ಗದ್ದಲ ಹುಡುಕಿಕೊಂಡು ಹೋದವರು

ನಮ್ಮ ಸೋದರತ್ತೆಗೆ ಎಣಿಕೆ ಬರುತ್ತದೆ. ತೊಂದರೆಯೆಲ್ಲ ಅದರಿಂದಲೇ. ಬರದೇ ಇದ್ದಿದ್ದರೆ ನಮ್ಮ ಮನೆತನದ ಅರ್ಧ ಜನ ನೆಮ್ಮದಿಯಿಂದ ಇರುತ್ತಿದ್ದರು!

ಉಳಿದ ಹೆಂಗಸರು ಮಾತಾಡುತ್ತ ಹೂ ಕಟ್ಟುತ್ತಾರೆ, ಬತ್ತಿ ಹೊಸೆಯುತ್ತಾರೆ. ನಮ್ಮತ್ತೆ ಜನರನ್ನು ಎಣಿಸುತ್ತಾಳೆ. ತುಟಿ ಅಲ್ಲಾಡುವುದಿಲ್ಲ, ಹೆಬ್ಬೆರಳು ಮಾತ್ರ ಬೆರಳಿನ ಗೆಣ್ಣುಗಳ ಮೇಲೆ ಹರಿದಾಡುತ್ತಿರುತ್ತದೆ. ಮನೆಗೆ ಬಂದವರು, ಪಂಕ್ತಿಗೆ ಕುಳಿತವರು, ಫೋಟೋಕ್ಕೆ ನಿಂತವರು, ಯಾರಿಗೂ ವಿನಾಯಿತಿ ಇಲ್ಲ. ಎಣಿಸಿ ಮುಗಿದ ಮೇಲೆ ದನಿ ತಗ್ಗಿಸಿ ಒಂದೇ ಮಾತು: "ಒಬ್ಬರು ಹೆಚ್ಚದಾರ."

ಕಡಿಮೆ ಇದ್ದಾರೆ ಎಂದರೆ ಹುಡುಕಬಹುದು. ಹೆಚ್ಚಿದ್ದಾರೆ ಎಂದರೆ ಏನು ಮಾಡುವುದು, ನೀವೇ ಹೇಳಿ! ಪಕ್ಕದಲ್ಲಿ ಕುಳಿತವರನ್ನು ಚಿವುಟಿ ನೋಡುವುದೇ?

ನಾನಿರುವುದು ಬಸವಕಲ್ಯಾಣದಲ್ಲಿ, ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನನ್ನದು. ಅತ್ತೆ ಹುಮನಾಬಾದಿನವಳು. ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದವಳನ್ನು ಒಮ್ಮೆ ಬಸ್ಸಿನಲ್ಲಿ ವಾಪಸು ಬಿಡಲು ಹೊರಟಿದ್ದೆ. ಬಸ್ಸು ಊರು ದಾಟುವಷ್ಟರಲ್ಲಿ ಅತ್ತೆಯ ಹೆಬ್ಬೆರಳು ಕೆಲಸ ಮುಗಿಸಿತ್ತು. ಕಂಡಕ್ಟರನ ಶರ್ಟಿನ ತೋಳು ಜಗ್ಗಿದಳು.

"ಒಬ್ಬರು ಹೆಚ್ಚದಾರ ನೋಡಪ್ಪಾ."

"ಇಲ್ಲ ಬಿಡು ಆಯಿ, ನಂದು ಹಿಸಾಬ್ ಬರೋಬ್ಬರಿ ಅದ."

"ಟಿಕೀಟ್ ತಗೊಂಡವರ ಹಿಸಾಬ್ ನಿಂದು. ತಗೊಳ್ಳಾರದವರದು ನಂದು."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯ ಕಡೆ ಮುಖ ಮಾಡಿ, ಈ ಮುದುಕಿ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕುಳಿತೆ. ಅರ್ಧ ದಾರಿಯಲ್ಲಿ, ಎರಡೂ ಕಡೆ ಬರೀ ತೊಗರಿ ಹೊಲ ಇರುವ ಕಡೆ, ಬಸ್ಸು ತಾನಾಗಿ ಗಕ್ಕನೆ ನಿಂತಿತು. ಯಾರೂ ಸೀಟಿ ಊದಿರಲಿಲ್ಲ. ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ರಸ್ತೆಯಂಚಿನ ತೊಗರಿ ಗಿಡಗಳು ಮಾತ್ರ ಯಾರೋ ನಡುವೆ ಹಾದು ಹೋದಂತೆ ಸರಿದು, ಮತ್ತೆ ಕೂಡಿಕೊಂಡವು. ಅತ್ತೆ ಬಗ್ಗಿ ನೋಡಿ, "ಹಾಂ, ಈಗ ಬರೋಬ್ಬರಿ ಆಯ್ತು. ಬಿಡ್ರಿ," ಎಂದಳು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು!

ಆಮೇಲೆ ಆ ಬಸ್ಸಿನಲ್ಲಿ ಯಾರೂ ಕೆಮ್ಮಲೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್ ಮೆಲ್ಲಗೆ ನಮ್ಮ ಹತ್ತಿರ ಬಂದು ಕೇಳಿದ: "ಆಯಿ, ಇಳಿದದ್ದು ಗಂಡಸೋ, ಹೆಂಗಸೋ?"

"ಯಾಕ, ಬೆನ್ನ ಹತ್ತಿ ಟಿಕೀಟ್ ಕೇಳಾಂವ ಏನು?"

ಇಂಥವಳನ್ನು ತಂಗಿಯ ಸಂಬಂಧ ಕುದುರುವ ದಿನ ಮನೆಯಲ್ಲಿಟ್ಟುಕೊಳ್ಳಬಾರದಿತ್ತು. ಆದರೆ ಹಿರಿಯಳು, ಬಿಟ್ಟು ಮಾಡುವಂತೆಯೂ ಇರಲಿಲ್ಲ. ಗಂಡಿನವರು ಕೊಡಂಬಲದವರು. ಹುಡುಗನ ಜೊತೆ ಅವನ ಅಜ್ಜಿಯೂ ಬಂದಿದ್ದಳು. ಚಹಾ ಆಯಿತು, ಚೂಡಾ ಆಯಿತು, ಹುಡುಗಿ ಒಪ್ಪಿಗೆಯಾದಳು. ಅಷ್ಟರಲ್ಲಿ ಹುಡುಗನ ಅಪ್ಪ ಲೋಕಾಭಿರಾಮವಾಗಿ ಕೇಳಿದರು: "ನಿಮ್ಮ ಮೂಲ ಊರು ಯಾವುದ್ರಿ? ಯಾಕ ಬಿಟ್ಟು ಬಂದ್ರಿ?"

ನಮ್ಮಪ್ಪನಿಗೆ ಈ ಪ್ರಶ್ನೆಯ ಉತ್ತರ ಬಾಯಿಪಾಠ. "ನಾರಾಯಣಪುರದ ಆಚಿಕಡೆ ಒಂದು ಹಟ್ಟಿ ಇತ್ರಿ. ನಮ್ಮಪ್ಪ ಸಣ್ಣಾಂವ ಇದ್ದಾಗ ನಮ್ಮ ಮುತ್ಯಾ ಎಲ್ಲಾರನ್ನೂ ಕರಕೊಂಡು ಹುಮನಾಬಾದಿಗೆ ಬಂದ. ಅಲ್ಲಿ ಸಂತಿ ದೊಡ್ಡದು, ಕುರಿ ಮಾರಾಕ ಅನುಕೂಲ, ಕೈಗೆ ಕೆಲಸ. ಹೊಟ್ಟಿಪಾಡು ನೋಡ್ರಿ."

ಎಷ್ಟು ಮರ್ಯಾದಸ್ಥ ಉತ್ತರ! ಅಷ್ಟಕ್ಕೇ ನಿಲ್ಲಬೇಕಿತ್ತು. ಒಳಕೋಣೆಯಿಂದ ಅತ್ತೆ ಹೊರಗೆ ಬಂದಳು.

"ಖರೇ ಹೇಳೋ. ಬೀಗರಿಗೆ ಸುಳ್ಳ ಹೇಳಬಾರದು."

ಅಪ್ಪ ಕಣ್ಣು ಮುಚ್ಚಿಕೊಂಡರು. ಅತ್ತೆ ಚಾಪೆಯ ಮೇಲೆ ಕುಳಿತು ಶುರು ಮಾಡಿದಳು. ಆ ಹಟ್ಟಿಗೆ ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂತಂತೆ. ಮುಂಜಾನೆ ನೀರಿಗೆ ಬಂದವರು ಸಂಜೆಗೆ ಇರುತ್ತಿರಲಿಲ್ಲ. ಮನೆಗಳ ಕದಗಳು ಒಂದೊಂದಾಗಿ ಮುಚ್ಚಿದವು. ಮುತ್ತಜ್ಜ, ಮುತ್ತಜ್ಜಿ ತಮ್ಮ ಮೂರು ಗಂಡುಮಕ್ಕಳ ತಲೆ ಬೋಳಿಸಿ, ಕುರಿಗಳನ್ನು ಎಬ್ಬಿಸಿಕೊಂಡು ಊರು ಬಿಟ್ಟರು. ಕುರಿಗಳು ಎಬ್ಬಿಸಿದ ಧೂಳಿನಲ್ಲಿ ಮುಂದಿನವರು ಹಿಂದಿನವರಿಗೆ ಕಾಣುತ್ತಿರಲಿಲ್ಲ.

"ಮಧ್ಯಾಹ್ನ ಒಂದು ಬೇವಿನ ಗಿಡದ ಕೆಳಗ ಕುಂದ್ರಿಸಿ ನಮ್ಮ ಆಯಿ ರೊಟ್ಟಿ ಮುರದು ಕೊಡಾಕತ್ತಿದ್ಲು," ಎಂದಳು ಅತ್ತೆ; ಆಯಿ ಎಂದರೆ ಅವಳ ಅಜ್ಜಿ, ನನ್ನ ಮುತ್ತಜ್ಜಿ. "ಒಂದು ಕೈ ಬಂತು, ಕೊಟ್ಲು. ಎರಡನೇದು ಬಂತು, ಕೊಟ್ಲು. ಮೂರನೇದು ಬಂತು, ಕೊಟ್ಲು. ಬುಟ್ಟಿ ಮುಚ್ಚಬೇಕಂದ್ರ ನಾಲ್ಕನೇ ಕೈ ಮುಂದ ಬಂತು."

ಹುಡುಗನ ಕೈಯಲ್ಲಿದ್ದ ಚೂಡಾ ಅರ್ಧದಾರಿಯಲ್ಲಿ ನಿಂತಿತು.

"ನಾಲ್ಕೂ ಬೋಳ ತಲಿ, ನಾಲ್ಕೂ ಧೂಳ ಹತ್ತಿದ ಮಾರಿ. ಮೂರು ಮಂದಿ ಹೊಂಟಿದ್ರು, ನಾಲ್ಕು ಮಂದಿ ಮುಟ್ಟಿದ್ರು. ಆ ಒಬ್ಬಾಂವ ಹಾಳೂರಿಂದ ಬೆನ್ನ ಹತ್ತಿ ಬಂದಾಂವ. ಜೀವ ಇದ್ದು ಬಂದನೋ, ಇಲ್ಲದ ಬಂದನೋ, ಯಾರು ನೋಡ್ಯಾರ? ಆ ನಾಲ್ಕು ಮಂದೀ ಮಕ್ಕಳು ಮೊಮ್ಮಕ್ಕಳೇ ನಾವೆಲ್ಲಾ."

ಸಂಬಂಧ ಮುರಿಯಿತು ಎಂದು ನನ್ನ ತಂಗಿ ಬಾಗಿಲ ಹಿಂದೆ ಅಳಲು ತಯಾರಾದಳು. ಹುಡುಗನ ಅಜ್ಜಿ ಮುಂದಕ್ಕೆ ಬಗ್ಗಿ, "ಅಂದ್ರ ನಿಮ್ಮ ಪೈಕಿ ಆ ಕಡೆಯವರು ಯಾರ್ರೀ?" ಎಂದಳು.

"ಅದೇ ಗೊತ್ತಿಲ್ಲ ನೋಡ್ರಿ."

ಅಜ್ಜಿ ಸ್ವಲ್ಪ ಯೋಚಿಸಿದಳು. "ಇರ್ಲಿ ತಗೋರಿ. ನಮ್ಮ ಹಿತ್ತಲದಾಗೂ ಒಬ್ಬಾಕಿ ಅದಾಳ. ಆಕೀಗೂ ಮಾತಾಡ್ಸಾಕ ಯಾರೂ ಇಲ್ಲ."

ಲಗ್ನ ಆಯಿತು! ತಂಗಿ ಸುಖವಾಗಿದ್ದಾಳೆ. ಹಿತ್ತಿಲಿಗೆ ಮಾತ್ರ ಒಬ್ಬಳೇ ಹೋಗುವುದಿಲ್ಲ.

ಆದರೆ ನಮ್ಮ ನಾಲ್ಕು ಕವಲಿನ ಬಂಧುಗಳ ನಡುವೆ ಸುಖ ಉಳಿಯಲಿಲ್ಲ. ಜಗಳ ಬಂದಾಗಲೆಲ್ಲ ಒಬ್ಬರು ಇನ್ನೊಬ್ಬರಿಗೆ, "ನೀವೇ ಬೆನ್ನ ಹತ್ತಿ ಬಂದವರ ಪೈಕಿ," ಎನ್ನತೊಡಗಿದರು. ಒಬ್ಬ ಕಾಕಾ ನಡೆದರೆ ಸಪ್ಪಳವೇ ಬರುವುದಿಲ್ಲ ಎಂದು ಅವರ ಮೇಲೆ ಸಂಶಯ. ಅವರು ಮರುದಿನವೇ ಕಿರಗುಟ್ಟುವ ಚಪ್ಪಲಿ ಕೊಂಡರು. ನಾನೂ ಕನ್ನಡಿಯಲ್ಲಿ ಒಂದೆರಡು ಸಲ ನನ್ನ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿಕೊಂಡದ್ದು ಸುಳ್ಳಲ್ಲ.

ಹೋದ ಬೇಸಿಗೆಯಲ್ಲಿ ಹುಮನಾಬಾದಿಗೆ ಹೋಗಿದ್ದೆ. ಅತ್ತೆಯ ಮನೆ ಇರುವುದು ಬಸ್‌ಸ್ಟ್ಯಾಂಡಿನ ಬೆನ್ನಿಗೆ. ಹಾರ್ನು, ಗಿರಣಿ, ತರಕಾರಿಯವರ ಕೂಗು, ಇವೆಲ್ಲ ಸಾಲದೆಂದು ಮನೆಯೊಳಗೆ ಟಿ.ವಿ., ರೇಡಿಯೋ ಎರಡೂ ಒಟ್ಟಿಗೆ! ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿಯೂ ನಿಂತಿತು. ಒಂದು ಕ್ಷಣ ಎಲ್ಲ ನಿಶ್ಶಬ್ದ. ಅತ್ತೆ ಧಡಕ್ಕನೆ ಎದ್ದು ಸ್ಟೀಲಿನ ತಟ್ಟೆ ತೆಗೆದುಕೊಂಡು ಸೌಟಿನಿಂದ ಢಣಢಣ ಬಾರಿಸತೊಡಗಿದಳು.

"ಅತ್ತಿ, ತಲಿ ಕೆಟ್ಟದೇನು ನಿಂಗ?"

"ಕರೆಂಟ್ ಬರೋ ತನಕ ಅಷ್ಟೇ. ನೀನೂ ಒಂದು ತಗೋ."

ಕರೆಂಟು ಬರುವವರೆಗೂ ಇಬ್ಬರೂ ಬಾರಿಸಿದೆವು. ಪಕ್ಕದ ಮನೆಯವರು ಬಂದು ನೋಡಿ, ನನ್ನನ್ನೂ ಅತ್ತೆಯ ಲೆಕ್ಕಕ್ಕೆ ಸೇರಿಸಿಕೊಂಡು ಹೋದರು. ಕೈ ಸೋತ ಮೇಲೆ ಕೇಳಿದೆ, ಇದೇನು ಹುಚ್ಚಾಟ ಎಂದು. ಅತ್ತೆ ಟಿ.ವಿ.ಯ ದನಿ ಇನ್ನಷ್ಟು ಏರಿಸಿ, ನನ್ನ ಕಿವಿಯ ಹತ್ತಿರ ಬಂದಳು.

"ನಮ್ಮ ಮಂದಿ ಮೊದಲ ಹುಮನಾಬಾದಿಗೆ ಬಂದಿದ್ದಿಲ್ಲ ನೋಡು. ದಾರ್‍ಯಾಗ ಒಂದು ಹಳ್ಳಿಯೊಳಗ ಉಳಿದಿದ್ರು. ಹುಲ್ಲು ಇತ್ತು, ನೀರಿತ್ತು, ಗೌಡ ಕೆಲಸಾನೂ ಕೊಟ್ಟಿದ್ದ. ಒಂದಿನ ಮಧ್ಯಾಹ್ನ ಎಲ್ಲಾ ಸುಮ್ಮಗಿದ್ದಾಗ, ಬಂದ ಹಾದಿ ಕಡಿಂದ ಒಬ್ಬಾಕಿ ಕರದಳಂತ. 'ಬಾರೋ ಮಗಾ... ಎಲ್ಲದೀಯೋ...' ಅಂತ. ನಾಲ್ಕು ಹುಡುಗರಾಗ ಒಬ್ಬಾಂವ ರೊಟ್ಟಿ ಬಿಟ್ಟು ಎದ್ದು ನಿಂತ."

"ಆಮ್ಯಾಗ?"

"ನಮ್ಮ ಆಯಿ ಅವನ ಎರಡೂ ಕಿವಿ ಮುಚ್ಚಿ ಎದಿಗೆ ಒತ್ತಿಕೊಂಡ್ಳು. 'ನಾಲ್ಕೂ ನನ್ನವ,' ಅಂತ ಹಾದಿ ಕಡಿ ಒದರಿದಳಂತ. ಆವತ್ತೇ ಅಲ್ಲಿಂದ ಎದ್ರು. ಎಲ್ಲಿ ಗದ್ದಲ ಜಾಸ್ತಿ ಅದ ಅಂತ ಕೇಳಿಕೋತ ಹುಮನಾಬಾದಿಗೆ ಬಂದ್ರು. ಈ ಸಂತಿ, ಈ ಗಾಡಿ, ಈ ಬಾಯಿಬಡಕ ಮಂದಿ ನಡುವ ಯಾರ ದನಿ ಯಾರಿಗೆ ಕೇಳ್ತದ?"

ಅನ್ನಕ್ಕಾಗಿ ಊರು ಬಿಟ್ಟವರಿದ್ದಾರೆ, ನೀರಿಗಾಗಿ ಬಿಟ್ಟವರಿದ್ದಾರೆ. ಗದ್ದಲಕ್ಕಾಗಿ ವಲಸೆ ಹೋದವರು ನಾವೊಬ್ಬರೇ ಇರಬೇಕು! ನಗಬೇಕೆನಿಸಿತು, ನಗು ಬರಲಿಲ್ಲ.

"ಎದ್ದು ನಿಂತಾಂವ ಯಾರು ಅತ್ತಿ? ತಾಯಿಗೆ ತನ್ನ ಮಕ್ಕಳು ಯಾರು, ಅಲ್ಲದಾಂವ ಯಾರು ಅಂತ ತಿಳೀದೇ ಇರ್ತದಾ?"

ಅತ್ತೆ ತಟ್ಟೆ, ಸೌಟು ಎತ್ತಿಟ್ಟಳು. "ನಾಳೆ ನನ್ನ ಜೋಡಿ ಬಾ," ಎಂದಳು.

ಮರುದಿನ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ನಾರಾಯಣಪುರ ದಾಟಿ ಹೋದೆವು. ಆಟೋದವನು ಒಂದು ಹಂತದಲ್ಲಿ ನಿಲ್ಲಿಸಿ, "ಆಯಿ, ಅದು ಬೇಚಿರಾಕ್ ಊರು. ನಾ ಇಲ್ಲೇ ಇರ್ತೀನಿ," ಎಂದ. ದೀಪ ಹಚ್ಚುವವರಿಲ್ಲದ ಊರನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ನಾವಿಬ್ಬರೇ ನಡೆದೆವು. ನೆತ್ತಿಯ ಮೇಲೆ ಬಿಸಿಲು. ಮೊಣಕಾಲೆತ್ತರದ ಕಲ್ಲುಗೋಡೆಗಳು, ಅವುಗಳ ನಡುವೆ ಜಾಲಿ. ಒಂದು ಕಡೆ ಮನೆಯಿಲ್ಲದೆ ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು. ಕಾಗೆಯೂ ಕೂಗುತ್ತಿರಲಿಲ್ಲ.

ಆಗ ದೂರದಲ್ಲಿ ಯಾರೋ ಕರೆದಂತಾಯಿತು. ಎಳೆದ, ತೆಳುವಾದ ದನಿ.

"ಯಾರೋ ಕುರಿ ಕರ್‍ಯಾಕತ್ತಾರ ಅತ್ತಿ," ಎಂದೆ, ನನಗೆ ನಾನೇ ಹೇಳಿಕೊಂಡಂತೆ.

"ಕುರಿ ಎಲ್ಲದಾವ?"

ಸುತ್ತ ನೋಡಿದೆ. ಕಣ್ಣು ಹಾಯುವವರೆಗೆ ಎಲ್ಲಿಯೂ ಇರಲಿಲ್ಲ.

ನನಗೆ ಓಡಬೇಕೆನಿಸಿತು. ಅತ್ತೆ ಮಾತ್ರ ಆ ಚೌಕಟ್ಟಿನ ಮುಂದೆ ಹೋಗಿ, ನೆರೆಮನೆಯವಳನ್ನು ಮಾತಾಡಿಸುವಂತೆ ನಿಂತಳು.

"ಯವ್ವಾ, ನಾನು ಬಂದೀನಿ. ಪ್ರತಿ ವರ್ಷ ಹೇಳ್ತೀನಿ, ಮತ್ತ ಹೇಳ್ತೀನಿ ಕೇಳು. ನಿನ್ನ ಕೂಸು ಸಾಯಲಿಲ್ಲ. ನೀ ಬ್ಯಾನ್ಯಾಗ ಬಿದ್ದಾಗ ಕುರಿ ಹಿಂದ ನಡಕೋತ ನಮ್ಮ ಆಯಿ ಹತ್ರ ಬಂತು. ಆಕಿ ಒಂದು ದಿನಾನೂ ಅವನಿಗೆ ಪರದೇಶಿ ಅನ್ನಲಿಲ್ಲ. ಹೊಟ್ಟಿ ತುಂಬ ಉಂಡ. ದೊಡ್ಡಾಂವ ಆದ. ಲಗ್ನ ಆಯ್ತು, ಮಕ್ಕಳಾದ್ವು. ಮುದುಕ ಆಗಿ, ಎಲ್ಲಾರ ನಡುವ ಕಣ್ಣ ಮುಚ್ಚಿದ. ನಾನೇ ಅವನ ಬಾಯಾಗ ನೀರ ಬಿಟ್ಟೀನಿ."

ಅತ್ತೆ ಯಾರ ಬಾಯಲ್ಲಿ ನೀರು ಬಿಟ್ಟಿದ್ದಳೆಂದು ನನಗೆ ಗೊತ್ತಿತ್ತು. ನಾನು ಅಲ್ಲೇ ಇದ್ದೆ. ಅವನು ಅತ್ತೆಯ ಅಪ್ಪ. ನನ್ನ ಅಜ್ಜ. ಬೆನ್ನ ಹತ್ತಿ ಬಂದವರ ಪೈಕಿ ನಾವೇ; ಅದು ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು.

"ಈ ಸಲ ಇಕೀನ ಕರಕೊಂಡು ಬಂದೀನಿ," ಎಂದು ಅತ್ತೆ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಂದಳು. "ನಿನ್ನ ಮಗನ ಮೊಮ್ಮಗಳು. ನೋಡ್ಕೋ."

ನಾನು ಹಿಂದೆ ಸರಿಯಲಿಲ್ಲ. ಬಿಸಿಲಿಗೆಂದು ತಲೆಯ ಮೇಲೆ ಹೊದ್ದಿದ್ದ ಸೆರಗನ್ನು ಸರಿಸಿ, ಮುಖ ಪೂರ್ತಿ ಕಾಣುವ ಹಾಗೆ ನಿಂತೆ.