ನಿಂಬೆಹಣ್ಣಿನ ಮೇಲೆ ಕೂತ ಕಂಪ್ಯೂಟರು

ಕಂಪ್ಯೂಟರ್ ರಿಪೇರಿಯವನ ಹಣೆಬರಹ ಇಷ್ಟೇ. ಮಶೀನು ಚೆನ್ನಾಗಿರುವಾಗ ಅವನು ಯಾರಿಗೂ ನೆನಪಾಗುವುದಿಲ್ಲ, ಸತ್ತ ಮೇಲೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಮುಂದೆ ಗೋಳು ತೋಡಿಕೊಳ್ಳುತ್ತಾರೆ. ನನ್ನ ಸರ್ವಿಸಿನಲ್ಲಿ ಇದು ತಪ್ಪಿದ್ದೇ ಇಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ರಾಜಾಜಿನಗರದಲ್ಲಿ ಕಾಫಿಪುಡಿ ಅಂಗಡಿಯ ಮಹಡಿ ಮೇಲೆ ನಮ್ಮ ಸರ್ವಿಸ್ ಸೆಂಟರು. ಆಗ ಇಡೀ ಬಡಾವಣೆ ಹುಡುಕಿದರೂ ಕಂಪ್ಯೂಟರುಗಳು ಬೆರಳೆಣಿಕೆ. ಅದರಲ್ಲೂ ಕೆಟ್ಟವು ಮಾತ್ರ ಹೇಗೋ ನಮ್ಮ ಅಂಗಡಿ ತುಂಬುವಷ್ಟು ಇರುತ್ತಿದ್ದವು. ನನ್ನದು ಹುಟ್ಟಾ ಜೋಲುಮುಖ. ಗಿರಾಕಿ ಪೆಟ್ಟಿಗೆ ಕೆಳಗಿಳಿಸುವ ಮೊದಲೇ "ಕಷ್ಟ ಇದೆ ಸಾರ್" ಅಂದುಬಿಡುತ್ತಿದ್ದೆ. "ನೀನು ಬಾಗಿಲಲ್ಲಿ ನಿಲ್ಲಬೇಡ ಕಣೋ, ಬದುಕಿರೋ ಮಶೀನೂ ಸತ್ತುಹೋಗುತ್ತೆ" ಅಂತ ನಮ್ಮ ಮಾಲೀಕರು ನನ್ನನ್ನು ಒಳಗಿನ ಕೋಣೆಗೆ ತಳ್ಳಿದ್ದರು. ಈಗ ಹೇಳಹೊರಟಿರುವುದೆಲ್ಲ ಬಸವೇಶ್ವರನಗರದ ಒಂದೇ ಮನೆಯವರ ವಿಷಯ. ಆ ಮನೆಯವರು ಒಬ್ಬೊಬ್ಬರಾಗಿ ಬಂದು ಕೂತಿದ್ದು ಅದೇ ಕೋಣೆಯಲ್ಲಿ.

೧. ನಾಲ್ಕು ನಿಂಬೆಹಣ್ಣು

ವಿಜಯದಶಮಿಯ ಮಾರನೇ ದಿನ ಅಂಗಡಿ ಮುಂದೆ ಆಟೋ ನಿಂತಿತು. ಇಳಿದವರು ನಾಯಂಡಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡವರು. ವರ್ಕ್‌ಶಾಪಿನ ಧೂಳಿಗೆ ಹೆದರಿ ಕಂಪ್ಯೂಟರನ್ನು ಮನೆಯ ಹಾಲಿನಲ್ಲಿ ಇಟ್ಟಿದ್ದರಂತೆ. ತೊಡೆಯ ಮೇಲೆ ಮಗುವಿನ ಹಾಗೆ ಅದನ್ನು ಹಿಡಿದುಕೊಂಡು ಬಂದಿದ್ದರು. ಪೆಟ್ಟಿಗೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಫ್ಲಾಪಿ ಹಾಕುವ ಸಂದಿಯಲ್ಲಿ ಒಂದು ಚೆಂಡುಹೂವು.

"ಏನಾಯ್ತು ಸಾರ್?" ಅಂದೆ.

"ಪೂಜೆ ಆಯ್ತು" ಅಂದರು.

ಬಿಡಿಸಿ ಕೇಳಿದಾಗ ತಿಳಿದದ್ದು ಇದು. ಆಯುಧಪೂಜೆ ದಿನ ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು, ದೃಷ್ಟಿ ಹೋಗಲಿ ಅಂತ. ಆಮೇಲೆ ಕಂಪ್ಯೂಟರಿನ ಸರದಿ. ಅದಕ್ಕೆ ಚಕ್ರ ಇಲ್ಲ. ಆದರೆ ಇಷ್ಟು ದೊಡ್ಡ ಮಶೀನಿಗೆ ದೃಷ್ಟಿ ತೆಗೆಯದೆ ಬಿಡುವುದು ಹೇಗೆ? ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು ಇಟ್ಟರು. ವರ್ಕ್‌ಶಾಪಿನಿಂದ ಬಂದಿದ್ದ ಇಬ್ಬರು ಆಳುಗಳು ಪೆಟ್ಟಿಗೆಯನ್ನು ಎತ್ತಿ ಅದರ ಮೇಲೆ ಕೂರಿಸಿ ಜೋರಾಗಿ ಅದುಮಿದರು. ಮೂರು ಅಪ್ಪಚ್ಚಿಯಾದವು. ನಾಲ್ಕನೆಯದು ಗಟ್ಟಿ ಕಾಯಿ, ಜಾರಿಕೊಂಡು ಸೋಫಾದ ಕೆಳಗೆ ಹೋಯಿತು. ಕಂಪ್ಯೂಟರು ದಡಕ್ಕನೆ ನೆಲಕ್ಕೆ ಬಿತ್ತು.

ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಟ್ಟೆ ಗಿರಗಿರ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲೆಳೆ ಅಂತರದಲ್ಲಿ ಒಂದು ಮುಳ್ಳು ಓಡಾಡಿ ಬರೆದದ್ದನ್ನು ಓದುತ್ತದೆ. ತಿರುಗುವಾಗ ಏಟು ಬಿದ್ದರೆ ಮುಳ್ಳು ತಟ್ಟೆಯನ್ನೇ ಕೆರೆದುಬಿಡುತ್ತದೆ.

"ಕರೆಂಟ್ ಆಫ್ ಮಾಡಿದ್ರಿ ತಾನೆ?" ಅಂತ ಕೇಳಿದೆ, ಉತ್ತರ ಬೇಡವಾಗಿತ್ತು.

ಅವರು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಆಫ್ ಮಾಡಿದ ಗಾಡೀನ ಯಾರಾದ್ರೂ ನಿಂಬೆಹಣ್ಣಿನ ಮೇಲೆ ಹತ್ತಿಸ್ತಾರಾ ಸಾರ್?"

೨. ಅಡ್ಮಿಟ್ ಆದವರು

ಅದರಲ್ಲಿದ್ದ ವರ್ಕ್‌ಶಾಪಿನ ಲೆಕ್ಕಪತ್ರ ಹೋದದ್ದಕ್ಕೆ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಬೇಕಾಗಿದ್ದುದು ಅದರಲ್ಲಿದ್ದ ಅವರ ತಂದೆಯ ಆತ್ಮಕಥೆ.

ತಂದೆ, ನಾವೆಲ್ಲ ಯಜಮಾನರು ಅನ್ನುತ್ತಿದ್ದವರು, ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಸೂಪರ್‌ವೈಸರಾಗಿ ರಿಟೈರ್ ಆದವರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ಪೂರ್ತಿ ಕತ್ತಲಾಗುವ ಮುಂಚೆ ಬದುಕನ್ನು ಬರೆದಿಡಬೇಕು ಅಂತ ಹಠಕ್ಕೆ ಬಿದ್ದಿದ್ದರು. ಮಧ್ಯಾಹ್ನ ಊಟ ಆದ ಮೇಲೆ ಅವರು ಹೇಳುವುದು, ಟೈಪಿಂಗ್ ಸೀನಿಯರ್ ಪಾಸಾಗಿದ್ದ ಸೊಸೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕಂಪ್ಯೂಟರಿಗೆ ಬಡಿಯುವುದು. ಹೀಗೆ ವರ್ಷಗಟ್ಟಲೆ ನಡೆದಿತ್ತು. ಒಂದು ಫ್ಲಾಪಿಗೂ ಕಾಪಿ ಮಾಡಿರಲಿಲ್ಲ, ಒಂದು ಹಾಳೆಯೂ ಪ್ರಿಂಟ್ ಆಗಿರಲಿಲ್ಲ. ಯಾಕೆ ಅಂದರೆ, "ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಮಾಡ್ತಾರೇನಯ್ಯ?" ಅಂದರು ಯಜಮಾನರು.

ದಿನಾ ಬೆಳಿಗ್ಗೆ ಮಗ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಯಜಮಾನರು ಗೋಡೆ ತಡವಿಕೊಂಡು ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಹೇಗಿದೆ ಇವತ್ತು? ಏನಾದ್ರೂ ಕಣ್ಣು ಬಿಡ್ತಾ?"

"ಇಲ್ಲ ಸಾರ್. ಜಾಸ್ತಿ ಆಸೆ ಇಟ್ಕೋಬೇಡಿ."

"ನಮ್ಮ ಕಣ್ಣು ಡಾಕ್ಟ್ರೂ ಹೀಗೇ ಅಂದಿದ್ದು. ನಿಮ್ಮಿಬ್ಬರಿಗೂ ಒಬ್ಬರೇ ಮೇಷ್ಟ್ರು ಅನ್ಸುತ್ತೆ."

ಇನ್ನೊಂದು ಸಲ ಹೇಳಿ ಬರೆಸಬಾರದೇ ಅಂತ ಒಂದು ದಿನ ಕೇಳಿದೆ. "ಹೇಳಿದ್ದು ಹೇಳಿದ ದಿನಾನೇ ಮರೆತುಹೋಗ್ತಿತ್ತು ಕಣಯ್ಯ. ಒಳಗೆ ಭದ್ರವಾಗಿದೆಯಲ್ಲ ಅಂತ ತಲೆ ಕೈಬಿಟ್ಟುಬಿಡ್ತು. ಈಗ ಅದೂ ಇಲ್ಲ ಅಂದ್ರೆ ನಾನು ಬದುಕಿದ್ದೆ ಅನ್ನೋದಕ್ಕೆ ಏನು ಉಳೀತು ಹೇಳು?"

ಜೋಲುಮುಖದವನಿಗೆ ಸಮಾಧಾನ ಹೇಳುವುದು ಬರುವುದಿಲ್ಲ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಅಷ್ಟು ಹೊತ್ತಿಗೆ ಪ್ರಿಂಟರ್ ರಿಪೇರಿಗೆ ಬಂದಿದ್ದ ಒಬ್ಬರು ಇವರ ಮುಖ ನೋಡಿ ಕನಿಕರದಿಂದ, "ಯಾರಿಗೆ ಯಜಮಾನ್ರೇ ಹುಷಾರಿಲ್ಲ?" ಅಂದರು.

"ನನಗೇನೇ" ಅಂದರು ಯಜಮಾನರು. "ಒಳಗೆ ಅಡ್ಮಿಟ್ ಆಗಿದೀನಿ, ಇಲ್ಲಿ ಕಾಯ್ತಾ ಇದೀನಿ."

೩. ಮಗನ ಕೋರಿಕೆ

ಒಂದು ಮಧ್ಯಾಹ್ನ ಯಜಮಾನರನ್ನು ಮನೆಗೆ ಬಿಟ್ಟು ಮಗ ಒಬ್ಬರೇ ವಾಪಸ್ ಬಂದರು. ಮಾಲೀಕರು ಊಟಕ್ಕೆ ಹೋಗಿರುವುದನ್ನು ಎರಡೆರಡು ಸಲ ನೋಡಿಕೊಂಡು ನನ್ನ ಕೋಣೆಗೆ ನುಗ್ಗಿದರು.

"ಅಪ್ಪಂದು ಎಲ್ಲಾ ಬರಬೇಕು ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

"ನೋಡೋಣ ಸಾರ್, ಕಷ್ಟ ಇದೆ."

"ಆದ್ರೆ ಒಂದು ಅಧ್ಯಾಯ ಬರದಿದ್ರೆ ಪರವಾಗಿಲ್ಲ." ದನಿ ತಗ್ಗಿತು. "ಗೋವಿಂದರಾಜನಗರದಲ್ಲಿ ನಾನು ಮೊದಲು ಒಂದು ವರ್ಕ್‌ಶಾಪ್ ಮಾಡಿ ಮುಳುಗಿಸಿದ್ದೆ. ಅದನ್ನ ಅಪ್ಪ ಎಳೆಎಳೆಯಾಗಿ ಹೇಳಿ ಬರೆಸಿದಾರೆ. ಪುಸ್ತಕ ಆದ್ರೆ ನಮ್ಮ ಮಾವನೋರು ಓದ್ತಾರೆ. ನಿಂಬೆಹಣ್ಣಿನ ಏಟು ಸರಿಯಾಗಿ ಅಲ್ಲೇ ಬಿದ್ದಿದೆ ಅಂದ್ಬಿಡಿ."

ಡಿಸ್ಕು ಪೂರ್ತಿ ಸತ್ತು ಮಲಗಿದೆ ಸಾರ್, ಬದುಕಿಸೋದೇ ಗೊತ್ತಾಗ್ತಿಲ್ಲ, ನೀವು ಹೇಳಿದ ಕಡೆ ಮಾತ್ರ ಇನ್ನೂ ಸ್ವಲ್ಪ ಸಾಯಿಸೋದು ಹೇಗೆ ಅಂದೆ.

ಅವರಿಗೆ ನಿಜವಾಗಿ ಬೇಜಾರಾಯಿತು. "ಇಂಜಿನಿಯರ್ ಅಂತೀರ, ಅಷ್ಟೂ ಆಗಲ್ವಾ?"

೪. ಸೊಸೆ ತಂದ ಡಬ್ಬಿ

ಅವರು ಹೋದ ಎರಡು ದಿನಕ್ಕೆ ಸೊಸೆ ಬಂದರು. ಕೈಯಲ್ಲಿ ಟಿಫನ್ ಡಬ್ಬಿ, ನನಗೇ ಅಂತ ತಂದ ಕೋಡುಬಳೆ. ಗಿರಾಕಿಗಳು ತಿಂಡಿ ತಂದರೆ ನನಗೆ ಭಯವೇ ಜಾಸ್ತಿ.

"ನಮ್ಮನೇವ್ರು ಬಂದು ಆ ಅಧ್ಯಾಯ ಬೇಡ ಅಂದ್ರಾ?" ಅಂತ ಕೇಳಿದರು.

ಹೌದು ಅಂದೆ.

"ಅದು ಇಲ್ಲವೇ ಇಲ್ಲ ಸಾರ್. ನಾನು ಟೈಪೇ ಮಾಡ್ಲಿಲ್ಲ. ಗಂಡನ ಮಾನ ನಾನೇ ಕೈಯಾರೆ ತೆಗೀಲಾ?"

ಹಾಗಾದರೆ ಭಯ ಎಲ್ಲಿಂದ ಅಂದೆ. ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮಾವನಿಗೆ ಕಣ್ಣು ಕಾಣಲ್ಲ, ಕಿವಿ ಚುರುಕು. ನನ್ನ ಬೆರಳು ನಿಂತ್ರೆ 'ಯಾಕಮ್ಮ ನಿಲ್ಲಿಸಿದೆ' ಅಂತಾರೆ. ಅವರು ಹೇಳ್ತಾ ಇದ್ದಷ್ಟು ಹೊತ್ತೂ ಸದ್ದು ಬರಬೇಕಲ್ಲ, ಅದಕ್ಕೆ ಕೈಗೆ ಬಂದದ್ದು ಟೈಪ್ ಮಾಡ್ದೆ. ಹುಳಿ ಮಾಡೋ ವಿಧಾನ. ಮೂರು ಥರದ್ದು." ಆಮೇಲೆ ಅಳುವ ದನಿಯಲ್ಲಿ, "ನಾಳೆ ನೀವು ಅವರಿಗೆ ಓದಿ ಹೇಳಿದ್ರೆ, ಮಿಲ್ಲಿನ ಮುಷ್ಕರ ಮುಗೀತಿದ್ದ ಹಾಗೇ ನುಗ್ಗೇಕಾಯಿ ಬರುತ್ತೆ ಸಾರ್" ಅಂದರು.

೫. ತಲೆಕೆಳಗು

ಡಿಸ್ಕು ತಿರುಗುತ್ತಿತ್ತು, ಕರ್‌ಕರ್ ಅನ್ನುತ್ತಿತ್ತು, ಏನೂ ಕೊಡುತ್ತಿರಲಿಲ್ಲ. ಸುತ್ತ ಫ್ಯಾನ್ ಇಟ್ಟೆ, ಬೇರೆ ಮಶೀನಿಗೆ ಹಾಕಿದೆ, ಮಾಲೀಕರಿಗೆ ಗೊತ್ತಾಗದ ಹಾಗೆ ನಮ್ಮ ಮನೆದೇವರಿಗೆ ಹರಕೆಯನ್ನೂ ಹೊತ್ತೆ. ಕೊನೆಗೆ ಬೇಸತ್ತು ಅದನ್ನು ಮಗುಚಿ ಹಾಕಿ ಕರೆಂಟ್ ಕೊಟ್ಟಾಗ ಪುಣ್ಯಾತ್ಮ ಬಾಯಿ ಬಿಟ್ಟ. ಬಗ್ಗಿದ ಮುಳ್ಳು ಬೋರಲು ಹಾಕಿದಾಗ ಸರಿಯಾದ ಜಾಗಕ್ಕೆ ಬರುತ್ತಿತ್ತೋ ಏನೋ. ತಡಮಾಡದೆ ಒಂದೊಂದೇ ಫೈಲನ್ನು ಫ್ಲಾಪಿಗೆ ಇಳಿಸತೊಡಗಿದೆ. ಕರೆಂಟ್ ಹೋದರೆ ಮತ್ತೆ ಏಳುತ್ತದೆ ಅನ್ನುವ ನಂಬಿಕೆ ನನಗೆ ಇರಲಿಲ್ಲ. ನನಗೆ ಯಾವುದರ ಮೇಲೂ ನಂಬಿಕೆ ಕಡಿಮೆ.

ಪಕ್ಕದಲ್ಲೇ ಇದ್ದ ಯಜಮಾನರು, "ಏನು ಮಾಡ್ದೆ?" ಅಂದರು.

"ತಲೆಕೆಳಗು ಮಾಡ್ದೆ ಸಾರ್. ಎಲ್ಲಾ ನೆನಪು ಬಂತು."

"ಮೊದಲೇ ಹೇಳಬಾರದಾ, ನಾನೇ ಗೋಡೆಗೆ ಕಾಲು ಕೊಟ್ಟು ನಿಂತ್ಕೋತಿದ್ದೆ."

ಮೊದಲನೆಯ ಪುಟ ಓದಿದೆ. ಹುಟ್ಟಿದ್ದು, ಅಮ್ಮ ಹೆರಿಗೆಯಲ್ಲಿ ತೀರಿಕೊಂಡದ್ದು, ಎಮ್ಮೆಯ ಹಾಲು ಕುಡಿದು ಬೆಳೆದದ್ದು. ಅವರು ಮೇಜಿನ ಅಂಚು ಹಿಡಿದುಕೊಂಡು ಕೇಳಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮಗನ ಮೊದಲ ವರ್ಕ್‌ಶಾಪ್ ಇರುವ ಕಡೆ ಓದು ಅಂದರು. ತೆರೆದು ನೋಡಿದರೆ ತೊಗರಿಬೇಳೆಯನ್ನು ಅರ್ಧ ಬೇಯಿಸಿ ಇಟ್ಟಿತ್ತು.

"ಅಲ್ಲಿ ಸ್ವಲ್ಪ ಕಲಸಿಹೋಗಿದೆ ಸಾರ್" ಅಂದೆ.

ಯಜಮಾನರು ತಲೆದೂಗಿದರು. "ಹೋಗ್ಲಿ ಬಿಡು. ಅವನು ನೊಂದ್ಕೋತಾನೆ ಅಂತ ನನಗೂ ಅನ್ಸಿತ್ತು. ಆ ಜಾಗಕ್ಕೆ ಏನಾದ್ರೂ ಒಳ್ಳೇದು ಹಾಕಬೇಕು."

ಒಳ್ಳೆಯದೇ ಇದೆ ಸಾರ್, ಬೆಲ್ಲ ಒಂದು ಚೂರು ಕಡಿಮೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

೬. ಬಾಯ್ಲರು

ಹೊಸ ಡಿಸ್ಕು ಹಾಕಿದ ಕಂಪ್ಯೂಟರನ್ನು ಮಗ ಮೊದಲೇ ಮನೆಗೆ ಒಯ್ದಿದ್ದರು. ಫ್ಲಾಪಿ ತೆಗೆದುಕೊಂಡು ಹೋಗಲು ಬಂದವರು ಯಜಮಾನರ ಹೆಂಡತಿ. ಒಬ್ಬರೇ ಬಂದಿದ್ದರು. ಮೆಟ್ಟಿಲು ಹತ್ತಿದ ಆಯಾಸಕ್ಕೆ ಯಜಮಾನರ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡರು. ಆ ಮನೆಯವರೆಲ್ಲ ಬಂದು ಏನೇನೋ ಬೇಡ ಅಂದಿದ್ದರು, ಈ ಅಮ್ಮ ಏನು ತೆಗೆಯಲು ಹೇಳುತ್ತಾರೋ ಅಂತ ಕಾದೆ.

"ಇದರಲ್ಲಿ ನನ್ನ ವಿಷಯ ಎಲ್ಲಿದೆಯಪ್ಪ? ಒಂಚೂರು ಓದು. ನನಗೆ ಇಂಗ್ಲಿಷ್ ಅಕ್ಷರ ಬರಲ್ಲ. ಸೊಸೆನ ಕೇಳಿದ್ರೆ ಅಡುಗೆಮನೆಗೆ ಓಡಿಹೋಗ್ತಾಳೆ."

ಅವರ ಹೆಸರು ಕೇಳಿ ಹುಡುಕಲು ಹಾಕಿದೆ. ಸಿಗಲಿಲ್ಲ. ಹೆಂಡತಿ ಅಂತ ಹಾಕಿದೆ, ಸಿಗಲಿಲ್ಲ. ಇನ್ನೂ ಆಳಕ್ಕೆ ಹೋಗುವ ಧೈರ್ಯ ಇರಲಿಲ್ಲ, ಆದರೂ ಮದುವೆ ಅಂತ ಹಾಕಿದೆ. ಒಂದು ಕಡೆ ಸಿಕ್ಕಿತು.

"ಓದಪ್ಪ."

ಓದಿದೆ. "ಅದೇ ವರ್ಷ ಮಿಲ್ಲಿಗೆ ಹೊಸ ಬಾಯ್ಲರು ಬಂದಿತು. ನನ್ನ ಮದುವೆಯೂ ಆಯಿತು. ಬಾಯ್ಲರಿನ ವಿಷಯ ಹೇಳಬೇಕೆಂದರೆ..."

"ಮುಂದೆ?"

"ಮುಂದೆ ಬಾಯ್ಲರೇ ಅಮ್ಮ. ನಾಲ್ಕು ಪುಟ."

ಅವರು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ಕೆಳಗೆ ಕಾಫಿಬೀಜ ಹುರಿಯುವ ಘಾಟು ಬರುತ್ತಿತ್ತು. ಅಳುತ್ತಾರೆ ಅಂದುಕೊಂಡೆ, ಅತ್ತರೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಈ ಡಿಸ್ಕನ್ನು ಬದುಕಿಸಿದ್ದು ಯಾಕೆ ಅಂತ ನನ್ನ ಮೇಲೇ ಸಿಟ್ಟು ಬಂತು.

"ಆ ಬಾಯ್ಲರು ಬಂದ ಐದನೇ ವರ್ಷಕ್ಕೆ ಒಡೆದುಹೋಯ್ತು" ಅಂದರು ನಿಧಾನವಾಗಿ. "ನಾನಿನ್ನೂ ಇದೀನಿ."

೭. ಒತ್ತೆ

ತಿಂಗಳುಗಟ್ಟಲೆ ಆ ಮನೆಯವರ ಸುದ್ದಿ ಇರಲಿಲ್ಲ. ಯಜಮಾನರ ಸ್ಟೂಲು ಖಾಲಿ ಬಿದ್ದಿತ್ತು. ನನ್ನ ಯೋಚನೆ ಯಾವತ್ತೂ ಕೆಟ್ಟದ್ದರ ಕಡೆಗೇ ಹರಿಯುವುದು. ಹೋಗಿಬಿಟ್ಟರೋ ಏನೋ ಅಂತ ಮಾಲೀಕರ ಹತ್ತಿರ ಅಂದು ಬೈಸಿಕೊಂಡೆ.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಗೋಡೆ ತಡವುವ ಸದ್ದು. ಯಜಮಾನರೇ. ದೃಷ್ಟಿ ಇನ್ನಷ್ಟು ಇಳಿದಿತ್ತು. ನಾನು ಮಾತಾಡಿದ ಮೇಲೇ ನಾನು ಎಲ್ಲಿದ್ದೇನೆ ಅಂತ ಅವರಿಗೆ ಗೊತ್ತಾದದ್ದು.

"ಪುಸ್ತಕ ಆಯ್ತಾ ಸಾರ್?"

"ಎಲ್ಲಿ ಪುಸ್ತಕ? ಒತ್ತೆ ಇಟ್ಕೊಂಡಿದಾಳೆ." ಸ್ಟೂಲಿನ ಮೇಲೆ ಉಸ್ಸಪ್ಪ ಅಂತ ಕೂತರು. "ಫ್ಲಾಪಿ ತಂದವಳು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದಾಳೆ. 'ಮೊದಲು ನನ್ನ ವಿಷಯ ಬರೀರಿ, ಆಮೇಲೆ ನಿಮ್ಮ ಬಾಯ್ಲರು' ಅಂದ್ಲು. ಬರೆಯೋಕೆ ನನಗೇನು ನೆನಪಿದೆ ಹೇಳು? ಮದುವೆ ದಿನ ಅವಳು ಉಟ್ಟಿದ್ದ ಸೀರೆ ಬಣ್ಣ ಕೇಳಿದ್ರೆ ಗೊತ್ತಿಲ್ಲ. ಆಗ ಕಣ್ಣು ಇತ್ತು, ನೋಡ್ಲಿಲ್ಲ. ಈಗ ಅವಳೇ ಹೇಳ್ಬೇಕು." ಪಂಚೆಯ ಅಂಚನ್ನು ಬೆರಳಲ್ಲಿ ಸವರುತ್ತ, "ಅರಿಶಿನದ ಬಣ್ಣವಂತೆ, ಕೆಂಪು ಅಂಚು" ಅಂದರು.

ಈಗ ದಿನಾ ಮಧ್ಯಾಹ್ನ ಸೊಸೆ ಟೈಪ್ ಮಾಡುತ್ತಾರೆ, ಹೇಳುವವರು ಮಾತ್ರ ಅಮ್ಮ. ಯಜಮಾನರು ಪಕ್ಕದಲ್ಲಿ ಕೂತು ಕೇಳುತ್ತಾರೆ. ನಡುವೆ ಬಾಯಿ ಹಾಕಿದರೆ ಕಾಫಿ ಸಿಗುವುದಿಲ್ಲ.

"ಎಲ್ಲಿಗೆ ಬಂತು ಸಾರ್?"

"ಹೆಣ್ಣಿನ ಕಡೆಯವರು ಗುಬ್ಬಿಯಿಂದ ನಮ್ಮ ಮನೆಗೆ ಮದುವೆಗೆ ಹೊರಟಿದಾರೆ. ಆಗೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡೋ ಬಸ್ಸು ನೋಡು, ನೆಲಮಂಗಲದ ಹತ್ರ ಕೆಟ್ಟು ನಿಂತಿದೆ. ಒಂದು ತಿಂಗಳಿಂದ ಅಲ್ಲೇ ನಿಂತಿದೆ. ಯಾರು ಇಳಿದು ತಳ್ಳಿದ್ರು, ಯಾರ ಸೀರೆಗೆ ಮಸಿ ಹತ್ತಿತು, ಯಾರು ಬುತ್ತಿ ಬಿಚ್ಚಿದ್ರು, ಅವಳ ಸೋದರತ್ತೆ ಯಾಕೆ ಮುನಿಸಿಕೊಂಡ್ಲು, ಎಲ್ಲಾ ಆಗ್ತಾ ಇದೆ."

"ಬೇಜಾರಾ ಸಾರ್?"

"ಬೇಜಾರಿಲ್ಲ. ಚೆನ್ನಾಗೇ ಹೇಳ್ತಾಳೆ. ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ." ಯಜಮಾನರು ನನ್ನ ಕೈ ಹುಡುಕಿ ಹಿಡಿದುಕೊಂಡರು. "ಆದ್ರೆ ನನ್ನ ಕಣ್ಣು ನೋಡಿದ್ರೆ ಹೀಗಿದೆ, ವಯಸ್ಸು ನೋಡಿದ್ರೆ ಹಾಗಿದೆ. ಆ ಬಸ್ಸು ಬೇಗ ಹೊರಡೋ ಹಾಗೆ ಏನಾದ್ರೂ ಮಾಡಕ್ಕಾಗುತ್ತೇನಯ್ಯ ನಿನ್ನ ಕೈಲಿ? ಇನ್ನೂರು ಪುಟ ಆಯ್ತು, ನನ್ನ ಆತ್ಮಕಥೆಗೆ ನಾನಿನ್ನೂ ಬಂದೇ ಇಲ್ಲ."