ಅತ್ತೆ, ನಾಯಿ ಮತ್ತು ಪಬ್ಬು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ. ಸಂತೆಗೆ ಹೆಸರುಕಾಳು ತರಲು ಹೋದವರು ಹಳೇ ಟ್ರ್ಯಾಕ್ಟರ್ ಟೈರು ಉರುಳಿಸಿಕೊಂಡು ಬಂದ ಮನೆ ಇದು. ಹಾಗಾಗಿ ಹೋಟೆಲ್ ಉಳಿಸಿಕೊಳ್ಳಬೇಕು ಅಂತ ಹೊರಟು, ಅತ್ತೆ ಜೊತೆ, ನಾಯಿ ಜೊತೆ ಬೆಂಗಳೂರಿನ ಪಬ್ಬು ಸುತ್ತಿದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ಕೇಳಿದವರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ನಾಯಿ ಯಾರದು?

ಮಾಗಡಿಯಿಂದ ಕುದೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಮಿಲಿಟರಿ ಹೋಟೆಲ್. ಮುದ್ದೆ, ನಾಟಿಕೋಳಿ ಸಾರು, ತಲೆಮಾಂಸ. ಅಡುಗೆ ನನ್ನದು, ಗಲ್ಲಾ ನಮ್ಮನೆಯವರದು, ಎರಡರ ಮೇಲೂ ಅಧಿಕಾರ ಅತ್ತೆಯದು. ರಸ್ತೆ ಅಗಲವಾದ ಮೇಲೆ ಕಾರುಗಳು ನಮ್ಮ ಮುಂದೆ ಬ್ರೇಕು ಹಾಕುವುದನ್ನೇ ಮರೆತವು. ಮಾವನವರು ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಯುಗಾದಿಗಂಟ ನೋಡ್ತೀನಿ. ಆಮೇಲೆ ಸಿಮೆಂಟ್ ಗೋಡೌನಿಗೆ ಬಾಡಿಗೆ ಕೊಟ್ಬುಡ್ತೀನಿ."

ಮದುವೆಯಾಗಿ ಬಂದಾಗಿನಿಂದ ಆ ಒಲೆ ಮುಂದೆ ನಿಂತವಳು ನಾನು. ಅಲ್ಲಿ ಸಿಮೆಂಟು ಮೂಟೆ ಪೇರಿಸುತ್ತಾರೆ ಅಂದ ದಿನ ಒಲೆಯನ್ನು ಎರಡೆರಡು ಸಲ ಸಾರಿಸಿದೆ.

ಅಷ್ಟರಲ್ಲಿ ಒಂದು ಭಾನುವಾರ ಬೆಟ್ಟ ಹತ್ತಿ ಬಂದ ಬೆಂಗಳೂರಿನ ಇಬ್ಬರು ಹುಡುಗರು ಸರದಿಯ ಮೇಲೆ ಉಂಡರು. ಒಬ್ಬ ಉಣ್ಣುವಾಗ ಇನ್ನೊಬ್ಬ ಕಾರಿನಲ್ಲಿ ಕೂತು ನಾಯಿ ಕಾಯುವುದು. ಕೈ ತೊಳೆಯುತ್ತಾ ಒಬ್ಬ ಹೇಳಿದ: "ಅಣ್ಣಾ, ನಾಯೀನ ಒಳಗೆ ಬಿಟ್ರೆ ನಮ್ಮ ಗುಂಪೇ ಇಲ್ಲಿಗೆ ಬರುತ್ತೆ. ಬೆಂಗಳೂರಲ್ಲಿ ಪಬ್ಬಲ್ಲೇ ಬಿಡ್ತಾರೆ." ನಮ್ಮನೆಯವರ ಕಣ್ಣು ಹೊಳೆಯಿತು. ಅವರ ಕಣ್ಣು ಹೊಳೆದಾಗಲೆಲ್ಲ ನನಗೆ ತಲೆನೋವು ಶುರು.

ಆ ಪಬ್ಬುಗಳನ್ನು ಮೊದಲು ನೋಡಿಕೊಂಡು ಬರಬೇಕು ಅಂತ ತೀರ್ಮಾನವಾಯಿತು. ಬರಿಗೈಯಲ್ಲಿ ಹೋಗುವ ಹಾಗಿಲ್ಲ, ನಾಯಿ ಬೇಕು. ಹೋಟೆಲ್ ಬಾಗಿಲಲ್ಲಿ ಮಲಗುವ ಕೆಂಬಣ್ಣದ ನಾಯಿ ಒಂದಿತ್ತು. ಆದರೆ ಅದು ನಮ್ಮದು ಅಂತ ಹೇಳುವುದು ಹೇಗೆ? ಬೆಳಗಿನ ತಂಗಳು ಎದುರು ಮನೆಯಲ್ಲಿ, ಮಧ್ಯಾಹ್ನದ ಮೂಳೆ ನಮ್ಮಲ್ಲಿ, ರಾತ್ರಿ ಡ್ಯೂಟಿ ಹಿಂದಿನ ಬೀದಿಯ ಕುರಿ ಕೊಟ್ಟಿಗೆಯಲ್ಲಿ. ನಮ್ಮನೆಯವರು ಮನೆಮನೆಗೆ ಹೋಗಿ ಅಪ್ಪಣೆ ಕೇಳಿದರು. ಕುರಿಯವರು ಮಾತ್ರ ಖಡಾಖಂಡಿತವಾಗಿ ಹೇಳಿದರು: "ಕರ್ಕೊಂಡೋಗ್ರಪ್ಪ, ಬ್ಯಾಡ ಅನ್ನಕ್ಕಿಲ್ಲ. ಆದ್ರೆ ಕತ್ತಲಾಗೋದ್ರೊಳಗೆ ವಾಪಸ್ ತಂದ್ಬುಡ್ಬೇಕು. ಕುಡಿಸ್ಕಂಡ್ ಮಾತ್ರ ಬರ್ಬ್ಯಾಡಿ."

ಕೌಂಟರಿನ ಪ್ರಶ್ನೆ

ನಾಯಿ ಅತ್ತೆ ಹತ್ತದ ಗಾಡಿ ಹತ್ತುವುದಿಲ್ಲ. ಹಾಗಾಗಿ ಅತ್ತೆಯೂ ಹೊರಟರು. ನಾಯಿಗೆ ಸೀಗೇಕಾಯಿ ಹಾಕಿ ಮೀಯಿಸಿದರು, ದೃಷ್ಟಿ ತೆಗೆದರು. ಕೊರಳಿಗೆ ಬೆಲ್ಟ್ ಇಲ್ಲವಲ್ಲ ಅಂದದ್ದಕ್ಕೆ ಅಟ್ಟದ ಮೇಲಿದ್ದ ಎತ್ತಿನ ಗೆಜ್ಜೆಪಟ್ಟಿ ಇಳಿಸಿ, ಎರಡು ಸುತ್ತು ಸುತ್ತಿ ಕಟ್ಟಿದರು. ಪಬ್ಬಿನ ಮೆಟ್ಟಿಲು ಹತ್ತುವಾಗ ಘಲ್ ಘಲ್ ಅಂತ ಸದ್ದು. ಒಳಗಿದ್ದವರೆಲ್ಲ ಯಾರೋ ನಾಟ್ಯ ಮಾಡುವವರು ಬಂದರು ಅಂತ ತಿರುಗಿ ನೋಡಿದರು.

ಬಾಗಿಲಲ್ಲಿ ಒಂದು ಎತ್ತರದ ಮೇಜು, ಅದರ ಹಿಂದೆ ನಗುವ ಹುಡುಗಿ. "ಸರ್, ನಿಮ್ಮ ಹೆಸರು?" ಅಂದಳು. ನಮ್ಮನೆಯವರು ಹೇಳಿದರು. ಆಮೇಲೆ ನಾಯಿಯ ಕಡೆ ನೋಡಿ "ಮತ್ತೆ ಇವರದು?" ಅಂದಳು.

ನಮ್ಮನೆಯವರು ಜೀವಮಾನದಲ್ಲಿ ನಿಂತ ಕೌಂಟರುಗಳೆಲ್ಲ ತಾಲ್ಲೂಕು ಕಚೇರಿ, ಸೊಸೈಟಿ, ಬ್ಯಾಂಕು. ಅಲ್ಲೆಲ್ಲ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು. ಆ ಅಭ್ಯಾಸದಲ್ಲಿ, ಹುಡುಗಿ ಎರಡನೇ ಸಲ ಕೇಳಿದ ಕೂಡಲೇ, ನಾಯಿಯ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಕೈಕಟ್ಟಿ ನಿಂತು "ಬೋರಯ್ಯ" ಅಂದುಬಿಟ್ಟರು.

ಬೋರಯ್ಯ ಅಂದರೆ ನನ್ನ ಮಾವ. ಆ ಹೊತ್ತಿನಲ್ಲಿ ಅವರು ಊರಲ್ಲಿ ಗಲ್ಲಾದ ಮೇಲೆ ಕೂತಿದ್ದರು. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಅನ್ನುತ್ತಾರೆ, ಬರೆಯಬಾರದು ಅಂತ ಯಾರೂ ಅಂದಿಲ್ಲ.

ಹುಡುಗಿ ಬಗ್ಗಿ ನಾಯಿಯ ಗಲ್ಲ ಹಿಡಿದು, "ಹಾಯ್ ಬೋರಯ್ಯಾ! ಎಷ್ಟು ಮುದ್ದಾಗಿದೀಯೋ!" ಅಂದಳು. ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನನ್ನ ಕಿವಿಯಲ್ಲಿ ಅಂದರು: "ನಮ್ ಮದ್ವೇಲೂ ಅವ್ರಿಗೆ ಯಾರೂ ಈ ಮಾತ್ ಅಂದಿರ್ಲಿಲ್ಲ ಕಣವ್ವಾ."

ಕರೆಯುವುದು ಹೇಗೆ?

ಒಳಗೆ ಕೂತೆವೋ ಇಲ್ಲವೋ, ನಾಯಿ ಹಗ್ಗ ಕಿತ್ತುಕೊಂಡು ಅಡುಗೆಮನೆ ಕಡೆ ಓಡಿತು. ಹೋಟೆಲ್ ನಾಯಿ, ಅದಕ್ಕೆ ಅಡುಗೆಮನೆ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮನೆಯವರು ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ ಗಾಡಿ ಸರಿಸಲು ಮತ್ತೆ ಕೆಳಗೆ ಹೋಗಿದ್ದರು. ಅತ್ತೆ ಎದ್ದು ನಿಂತು ಊರಲ್ಲಿ ಕರೆಯುವ ಹಾಗೆ "ಕುರೂ ಕುರೂ ಕುರೂ" ಅಂದರು. ಪಬ್ಬಿನಲ್ಲಿದ್ದ ಅಷ್ಟೂ ನಾಯಿಗಳು ಮೇಜಿನ ಕೆಳಗಿಂದ ಎದ್ದು ಅತ್ತೆಯ ಸುತ್ತ ನಿಂತವು. ಮಡಿಲಲ್ಲಿ ಹಿಡಿಯುವಂಥವು, ಕರುವಿನಷ್ಟು ಎತ್ತರದವು, ಎಲ್ಲ ಬಂದವು. ನಮ್ಮದೊಂದು ಬಿಟ್ಟು.

ಪಕ್ಕದ ಮೇಜಿನ ಹುಡುಗಿ ತನ್ನ ನಾಯಿಯನ್ನು ಎಳೆದುಕೊಳ್ಳುತ್ತಾ, "ಆಂಟಿ, ಹೆಸರು ಹಿಡಿದು ಕರೀರಿ, ಬರುತ್ತೆ" ಅಂದಳು.

"ಅದೊಂದ್ ಆಗಕ್ಕಿಲ್ಲ ಕಣಮ್ಮಿ."

"ಯಾಕಾಂಟಿ?"

"ಯಜಮಾನ್ರ ಹೆಸರು ಹೆಂಗ್ ಹೇಳದು?"

ಹುಡುಗಿ ಅತ್ತೆಯನ್ನು ನೋಡಿದಳು, ಅಡುಗೆಮನೆಯಿಂದ ಕೋಳಿಕಾಲು ಕಚ್ಚಿಕೊಂಡು ಬರುತ್ತಿದ್ದ ನಾಯಿಯನ್ನು ನೋಡಿದಳು, ಆಮೇಲೆ ಅತ್ತೆಯ ತಾಳಿ ನೋಡಿದಳು. ಗ್ಲಾಸು ಎತ್ತಿಕೊಂಡು ಮೂರು ಮೇಜು ದಾಟಿ ಹೋಗಿ ಕೂತಳು.

ಉಪ್ಪಿಲ್ಲದ ಊಟ

ಅಲ್ಲಿ ನಾಯಿಗೇ ಅಂತ ಬೇರೆ ಅಡುಗೆ. ಬೇಯಿಸಿದ ಕೋಳಿ, ಮೆತ್ತನೆ ಅನ್ನ, ಕ್ಯಾರೆಟ್ಟು. ಉಪ್ಪಿಲ್ಲ, ಖಾರ ಇಲ್ಲ. ನಾನು ಅಡುಗೆಯವಳು, ಕಲಿಯಲು ಬಂದವಳು, ಬಗ್ಗಿ ವಾಸನೆ ನೋಡುತ್ತಿದ್ದೆ. ಅತ್ತೆ ಬಟ್ಟಲು ನೋಡಿ ಹುಬ್ಬು ಗಂಟಿಕ್ಕಿದರು.

"ಏನಪ್ಪಾ ಇದು, ಬಾಣಂತಿ ಊಟ ತಂದಿದ್ದೀಯ? ನಮ್ದು ಗಂಡ್ನಾಯಿ ಕಣಪ್ಪಾ."

ಸರ್ವರ್ ವಿವರಿಸಿದ. ನಾಯಿ ಮೂಸಿ ನೋಡಿ ಮುಖ ತಿರುಗಿಸಿತು. ಹಸಿಮೆಣಸಿನಕಾಯಿ ಸಾರಿನಲ್ಲಿ ಬೆಳೆದ ದೇಹ, ಅದು ಅಷ್ಟರಲ್ಲಿ ಬಂದು ಊಟಕ್ಕೆ ಕೂತಿದ್ದ ನಮ್ಮನೆಯವರ ತಟ್ಟೆಯನ್ನೇ ನೋಡುತ್ತಾ ಕೂತಿತು. ಅವರು ತಟ್ಟೆ ಕೆಳಗಿಟ್ಟರು. ಇತ್ತ ಅನ್ನ ಬಿಸಾಡುವುದು ಅಂದರೆ ಅತ್ತೆಗೆ ಆಗದು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಬಟ್ಟಲು ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟರು. ಮುಖ ಅರಳಿತು.

"ಉಪ್ಪು ಬುಡು, ಖಾರ ಬುಡು ಅಂತ ಬಿಪಿ ಡಾಕ್ಟ್ರು ಹೇಳಿ ಹೇಳಿ ಸೋತವ್ರೆ. ನೋಡವ್ವಾ, ಬೆಂಗ್ಳೂರೋರಿಗೆ ನಮ್ ಕಷ್ಟ ಗೊತ್ತೈತೆ."

ಸರ್ವರ್ ಖಾಲಿ ಬಟ್ಟಲು ನೋಡಿ ಖುಷಿಯಾಗಿ, "ಬೋರಯ್ಯಂಗೆ ತುಂಬಾ ಇಷ್ಟ ಆಯ್ತು ಅನ್ಸುತ್ತೆ. ಇನ್ನೊಂದು ತರ್ಲಾ?" ಅಂದ.

"ತಾರಪ್ಪಾ," ಅಂದರು ಅತ್ತೆ, "ಒಸಿ ನಿಂಬೆಹಣ್ಣು ಹಿಂಡ್ಕಂಡ್ ಬಾ."

ಹುಟ್ಟುಹಬ್ಬ

ಒಂದೇ ಪಬ್ಬು ನೋಡಿದರೆ ಆಗುವುದಿಲ್ಲ, ಹೋಲಿಸಿ ನೋಡಬೇಕು ಅಂತ ನಮ್ಮನೆಯವರು ಇನ್ನೊಂದು ಭಾನುವಾರ ಬೇರೆ ಪಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಬಲೂನು, ಕೇಕು, ಗದ್ದಲ. ಒಬ್ಬ ಹೆಂಗಸು ನಮ್ಮ ಗೆಜ್ಜೆ ಸದ್ದು ಕೇಳಿ ತಾನಾಗಿಯೇ ಬಂದು, "ನನ್ನ ಮಗನ ಹುಟ್ಟುಹಬ್ಬ ಆಂಟಿ, ಬನ್ನಿ" ಅಂತ ಕೈಹಿಡಿದು ಕರೆದಳು. ಕರೆದವರ ಮನೆ ಶುಭಕಾರ್ಯಕ್ಕೆ ಹೋಗದಿರುವುದು ನಮ್ಮಲ್ಲಿಲ್ಲ. ಅತ್ತೆ ಹೋದರು. ಮಗುವನ್ನು ಹುಡುಕಿದರು. ಟೋಪಿ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದ ಬಿಳಿ ನಾಯಿಯ ಹೊರತು ಯಾರೂ ಕಾಣಲಿಲ್ಲ.

ಅತ್ತೆ ಒಂದು ಗಳಿಗೆ ತಡೆದರು, ಅಷ್ಟೇ. ಚೀಲದಿಂದ ಕುಂಕುಮದ ಡಬ್ಬಿ ತೆಗೆದು ನಾಯಿಯ ಹಣೆಗಿಟ್ಟರು, "ನೂರ್ ಕಾಲ ಬಾಳಪ್ಪಾ" ಅಂದರು. ಹೆಂಗಸಿಗೆ ಕಣ್ಣಲ್ಲಿ ನೀರು ಬಂತು.

"ಹೆಣ್ಣು ನೋಡಿದ್ದೀರೇನವ್ವಾ?" ಅಂತ ಅತ್ತೆ ಮಾತು ಬೆಳೆಸಿದರು.

"ಹುಡುಕ್ತಾನೇ ಇದೀವಿ ಆಂಟಿ. ಅದೇ ಜಾತಿದೇ ಬೇಕು, ವಂಶಾನೂ ಚೆನ್ನಾಗಿರ್ಬೇಕು. ಎಲ್ಲೂ ಕೂಡಿ ಬರ್ತಾ ಇಲ್ಲ."

ಅತ್ತೆ ಆಕೆಯ ಬೆನ್ನು ಸವರಿ ನಿಟ್ಟುಸಿರು ಬಿಟ್ಟರು: "ನಮ್ ಕಡೇಲೂ ಇದೇ ಗೋಳು ಕಣವ್ವಾ. ಹಿಂಗೇ ಹುಡುಕ್ತಾ ಹುಡುಕ್ತಾ ನನ್ ತಮ್ಮನ್ ಮಗಂಗೆ ತಲೆಗೂದ್ಲು ಉದುರೋದ್ವು."

ನಮ್ಮ ಹೋಟೆಲಿನ ಭಾನುವಾರ

ಯುಗಾದಿ ಹತ್ತಿರ ಬಂದಿತ್ತು. ಸಿಮೆಂಟಿನವನು ಆಗಲೇ ಒಂದು ಸಲ ಬಂದು ಗೋಡೆ ತಟ್ಟಿ ನೋಡಿ ಹೋಗಿದ್ದ. ನಮ್ಮನೆಯವರು ಹಿಂದಿನ ಹುಣಸೆಮರದ ಕೆಳಗೆ ಮೇಜು ಹಾಕಿಸಿದರು, ಬೆಟ್ಟದ ಹುಡುಗರಿಗೆ ಫೋನು ಮಾಡಿ ಗುಂಪು ಸಮೇತ ಬರಲು ಹೇಳಿದರು. ಮಾವ ಒಂದೇ ಮಾತು ಅಂದರು: "ಈ ಭಾನುವಾರ ಜನ ಬಂದ್ರೆ ಹೋಟ್ಲು, ಬರ್ದಿದ್ರೆ ಗೋಡೌನು." ಅವತ್ತು ನಾನು ಬೆಳಗಿನ ಜಾವವೇ ಎದ್ದು ಖಾರ ರುಬ್ಬಿದೆ.

ಊರಿಗೆ ಹೇಳದೆ ಹೊಸ ಕೆಲಸ ಶುರು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮನೆಯವರು ಸುತ್ತಮುತ್ತ ಕರೆಯಲು ಹೋದರು. ಬರೀ "ನಾಯಿ ಕರ್ಕೊಂಡ್ ಬನ್ನಿ" ಅಂದರೆ ಜನ ಹೊಡೆಯುತ್ತಾರೆ ಅಂತ, ಪಬ್ಬಿನವರ ಹಾಗೆ ನಯವಾಗಿ ಹೇಳಿದರು: "ಮನೇಲಿ ಮಗನಂಗೆ ಸಾಕಿರೋ ಪ್ರಾಣೀನೂ ಕರ್ಕೊಂಡ್ ಬನ್ನಿ."

ಬೆಂಗಳೂರಿನವರು ಅಂಥದ್ದನ್ನು ಕೇಳಿ ನಾಯಿ ತರುತ್ತಾರೆ. ನಮ್ಮ ಕಡೆಯವರು ಮಗನ ಹಾಗೆ ನಾಯಿ ಸಾಕುತ್ತಾರೆಯೇ?

ಮಧ್ಯಾಹ್ನ ಮೊದಲು ಬಂದವರು ನಮ್ಮ ಪಕ್ಕದ ತಿಪ್ಪಸಂದ್ರದ ಗೌಡರು. ಹಿಂದೆ ಅವರ ಹಳ್ಳಿಕಾರ್ ಎತ್ತಿನ ಜೋಡಿ. ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲು, ಹಾಲು ಬಿಳುಪು ಮೈ.

"ಗೌಡ್ರೆ, ಇದೇನ್ರೀ?" ನಮ್ಮನೆಯವರು ಓಡಿ ಬಂದು ಅಡ್ಡ ನಿಂತರು.

"ನೀನೇ ತಾನೆ ಹೇಳಿದ್ದು ಮಗನಂಗೆ ಸಾಕಿರೋದು ಅಂತ? ನನ್ ಮಗನ್ನ ನಾನು ಇಷ್ಟು ಚೆನ್ನಾಗಿ ಸಾಕಿಲ್ಲ ಕಣ್ಲಾ. ಎಲ್ಲಿ ಕಟ್ಲಿ?"

ಊಟದ ಹೊತ್ತಿಗೆ ಬಂದವರನ್ನು ಹೋಗಿ ಅನ್ನುವುದು ಹೇಗೆ? ಮರದ ಕೆಳಗೆ ಕಟ್ಟಿದರು. ಹಿಂದೆಯೇ ಒಬ್ಬರು ಟಗರು ತಂದರು. ತಲೆಮಾಂಸ ಬೇಯುವ ವಾಸನೆಗೆ ಅದು ಬಾಗಿಲಿಗೇ ಬರಲಿಲ್ಲ, ಅದರ ಬುದ್ಧಿ ಮೆಚ್ಚಿದೆ.

ಅದೇ ಹೊತ್ತಿಗೆ ಕಾರುಗಳು ಬಂದವು. ಒಂದರ ಹಿಂದೆ ಒಂದು. ನಾಯಿಗಳು ಇಳಿದವು. ಮರದ ಕೆಳಗೆ ಎತ್ತುಗಳು ಒಮ್ಮೆ ತಲೆ ಒದರಿ ಗುಟುರು ಹಾಕಿದವು. ಕರುವಿನ ಗಾತ್ರದ ನಾಯಿಯೊಂದು ಹಾಗೆಯೇ ಹಿಂದಕ್ಕೆ ಓಡಿ ಕಾರು ಹತ್ತಿ ಸ್ಟೀರಿಂಗ್ ಮುಂದೆ ಕೂತಿತು. ಉಳಿದವು ಸೀಟಿನ ಕೆಳಗೆ ಸೇರಿದವು. ಎತ್ತುಗಳು ನಿಧಾನಕ್ಕೆ ಕೊರಳು ಚಾಚಿ, ಮೇಜಿನ ಮೇಲೆ ಹಾಕಿಟ್ಟಿದ್ದ ಬಾಳೆಎಲೆ ಅಷ್ಟನ್ನೂ ಜಗಿದು ಮುಗಿಸಿದವು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಸೌಟು ಕೆಳಗಿಟ್ಟು ಅತ್ತೇಬಿಟ್ಟೆ. ಮುಗಿಯಿತು, ಸಿಮೆಂಟೇ ಗತಿ ಅಂದುಕೊಂಡೆ.

ಹೊರಗೆ ಒಂದೇ ಕೂಗಾಟ. ಓಡಿ ಬಂದು ನೋಡಿದರೆ ಬೆಂಗಳೂರಿನವರೆಲ್ಲ ನಾಯಿಗಳನ್ನು ಕಾರಿನಲ್ಲೇ ಬಿಟ್ಟು, ಗಾಜು ಒಸಿ ಇಳಿಸಿ, ಎತ್ತುಗಳ ಸುತ್ತ ನಿಂತು ಫೋಟೋ ಹೊಡೆಯುತ್ತಿದ್ದಾರೆ. ಗೌಡರು ಮೀಸೆ ತಿರುವುತ್ತಾ, "ಹಿಂದ್ಗಡೆ ನಿಂತ್ಕಬ್ಯಾಡ್ರಿ, ಒದ್ದಾವು" ಅಂತ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾರೆ. ಎಲೆಯಿಲ್ಲದೆ ತಟ್ಟೆಯಲ್ಲಿ ಬಡಿಸಿದೆ. ಸಾರಿನ ಪಾತ್ರೆ ತಳ ಕಂಡಿತು. ಮಾವ ತಾವೇ ಹೋಗಿ ಇನ್ನೆರಡು ಕೋಳಿ ಹಿಡಿದು ತಂದರು.

ಯುಗಾದಿ ಕಳೆಯಿತು, ಹೋಟೆಲ್ ಹಾಗೇ ಇದೆ. ಭಾನುವಾರ ಕೂರಲು ಜಾಗ ಸಿಗುವುದಿಲ್ಲ. ನೆರಳಿನ ಮೇಜು ಗೌಡರ ಎತ್ತುಗಳಿಗೆ ಕಾಯಂ, ಹುರುಳಿ ಬೇಯಿಸಲು ನಾನೊಂದು ಒಲೆ ಬೇರೆ ಹೂಡಿದ್ದೇನೆ. ಮೊನ್ನೆ ಬೆಂಗಳೂರಿನಿಂದ ಯಾರೋ ಫೋನು ಮಾಡಿದರು. ತಮ್ಮ ನಾಯಿ ಬಲು ಸಾಧು, ಕರೆತರಬಹುದೇ ಅಂತ ಕೇಳಿದರಂತೆ. ನಮ್ಮನೆಯವರು ಫೋನು ಕಿವಿಯಿಂದ ತೆಗೆಯದೆ, ಬಲು ಗಂಭೀರವಾಗಿ ಹೇಳಿದರು:

"ಒಂದ್ನಿಮಿಷ ಲೈನಲ್ಲಿರಿ ಸಾ, ಎತ್ತುಗಳಿಗೆ ಅಭ್ಯಂತರ ಐತಾ ಅಂತ ಕೇಳಿ ಹೇಳ್ತೀನಿ."