ಒಂದನೇ ಸಾಲಿನ ಪಾಳಿ

ಕಂಪ್ಯೂಟರ್ ಮುಂದೆ ಕೂತರೆ ನನಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಉಮರ್ಗಾದ ಈ ಟೈಪಿಂಗ್ ಅಂಗಡಿ ನಮ್ಮಾಕಿಯದು, ನನ್ನ ಹೆಂಡತಿಯದು. ನಾನು ಶಾಲೆ ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಝೆರಾಕ್ಸ್ ತೆಗೆಯುವುದಷ್ಟೇ ನನ್ನ ಕೆಲಸ. ಬರದ ವರ್ಷ ಗಲ್ಲಿಗೆ ನೀರಿನ ಟ್ಯಾಂಕರ್ ಬರತೊಡಗಿತು. ಪಾಳಿ ಬರೆಯಲು ಆಕೆ ಕಂಪ್ಯೂಟರಿನಲ್ಲಿ ಟೇಬಲ್ ಹಾಕಿದಳು. ಮನೆಗೊಂದು ಸಾಲು. ಒಂದನೇ ಸಾಲಿನಲ್ಲಿ ತನ್ನದೇ ಹೆಸರು.

"ಟೇಬಲ್ ಮಾಡಿದಾಕಿ ನಾ. ಮೊದಲ ಕೊಡ ನಂದು," ಅಂದಳು.

ಹೋಳಿ ಆದಮೇಲೆ ತೀರಿಕೊಂಡಳು. ಟೇಬಲ್ ನನ್ನ ಕೈಗೆ ಬಂತು.

ಟ್ಯಾಂಕರ್ ನೋಡಿಕೊಳ್ಳುವ ಸಾಹೇಬರು, "ಕಾಕಾ, ಅವರ ಹೆಸರು ತೆಗೆದು ನಿಮ್ಮದು ಹಾಕ್ರಿ," ಅಂದರು. "ನಾಳೆ ಹಾಕ್ತೀನ್ರೀ," ಅಂದೆ. ಎರಡು ತಿಂಗಳು ಹಾಗೇ ಅಂದೆ.

ಗೋಡೆ

ಗಲ್ಲಿಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಮನೆ ಭಾಗವಾಗಿದೆ. ನಾನು ಏನು ಒತ್ತಿದೆನೋ, ಟೇಬಲಿನಲ್ಲಿ ಅವರ ನಡುವಿನ ಗೆರೆ ಹೋಯಿತು. ಇಬ್ಬರ ಹೆಸರೂ ಒಂದೇ ಖಾನೆಯಲ್ಲಿ. ನೋಡದೆ ಹಾಳೆ ತೆಗೆದು ಅಂಗಡಿ ಬಾಗಿಲಿಗೆ ಅಂಟಿಸಿದೆ.

ಅಣ್ಣ ಬಂದ. "ಕಾಕಾ, ಭಾಗ ಆಗಿ ಹನ್ನೆರಡು ವರ್ಷ ಆತು. ಯಾರನ್ನ ಕೇಳಿ ನಮ್ಮನ್ನ ಒಂದು ಮಾಡಿದ್ರಿ?"

ಹಿಂದೆಯೇ ತಮ್ಮ. "ಅವನ ಜೋಡಿ ಒಂದ ಖಾನ್ಯಾಗ ನಾ ಇರಂಗಿಲ್ಲ!"

ಖಾನೆ ಒಡೆಯುವುದು ನನಗೆ ಗೊತ್ತಿಲ್ಲ. ಪೆನ್ನಿನಿಂದ ಗೆರೆ ಎಳೆದೆ.

"ಗೆರಿ ನನ್ನ ಕಡೆ ಸರದದ," ಅಂದ ತಮ್ಮ.

ಗೆರೆ ಅಳೆಯಲು ಅಂಗಡಿಯ ಅಳತೆಪಟ್ಟಿ ತೆಗೆದುಕೊಂಡು ಒಂದು ತುದಿ ಅಣ್ಣ ಹಿಡಿದ, ಒಂದು ತುದಿ ತಮ್ಮ. ಹನ್ನೆರಡು ವರ್ಷದಲ್ಲಿ ಇಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ಎತ್ತರ

ಕಾಳಿನ ಅಂಗಡಿಯ ಯಜಮಾನರಿಗೆ ಟೇಬಲಿನಲ್ಲಿ ತಮ್ಮ ಪೂರ್ತಿ ಹೆಸರು ಬೇಕು. ತಂದೆ, ಅಡ್ಡಹೆಸರು, ಮೂಲ ಊರು ಗುಂಜೋಟಿ, ಎಲ್ಲ ಹೊಡೆದೆ. ಖಾನೆ ಸಾಲದೆ ಅಕ್ಷರ ಕೆಳಗಿಳಿದವು. ಸಾಲು ಮೂರು ಪಟ್ಟು ಎತ್ತರವಾಯಿತು.

ಎರಡನೇ ಪಾಳಿ ನಮ್ಮ ಪಕ್ಕದ ಮನೆಯ ಹೆಂಗಸಿನದು, ಗಲ್ಲಿಗೆಲ್ಲ ಆಕೆ ‘ಬಾಯಿ’. ಸೊಂಟಕ್ಕೆ ಕೈಯಿಟ್ಟು ನಿಂತಳು. "ಅವರಿಗೆ ನೀರೂ ಮೂರು ಪಟ್ಟೇನು?"

"ಹೆಸರು ಉದ್ದ ಅದ ಬಾಯಿ, ಅಷ್ಟೇ."

"ಹಂಗಾದ್ರ ನಂದೂ ಉದ್ದ ಮಾಡ್ರಿ. ನಮ್ಮ ಮಾವಂದು ಹಾಕ್ರಿ, ಅವರಪ್ಪಂದೂ ಹಾಕ್ರಿ."

ಮರುದಿನ ಇಡೀ ಗಲ್ಲಿ ಅಜ್ಜ ಮುತ್ತಜ್ಜರ ಹೆಸರು ಹಿಡಿದು ಬಂತು. ಒಂದು ಹಾಳೆ ಇದ್ದದ್ದು ನಾಲ್ಕಾಯಿತು. ಟ್ಯಾಂಕರ್ ಡ್ರೈವರ್ ಎಣಿಸಿ ನೋಡಿ, "ಕಾಕಾ, ಸತ್ತವರಿಗೂ ನೀರು ತರಬೇಕಂದ್ರ ಇನ್ನೊಂದು ಟ್ಯಾಂಕರ್ ಬೇಕು," ಅಂದ.

ಖಾಲಿ ಖಾನೆ

ಸಾಹೇಬರಿಗೆ ಸಿಟ್ಟು ಬಂತು. "ಮೊದಲು ಒಂದನೇ ಸಾಲು ಸರಿ ಮಾಡ್ರಿ. ನಾಳೆ ನಾನೇ ಬಂದು ನೋಡ್ತೀನಿ."

ಕೂತೆ. ಬಹಳ ಹೊತ್ತು ಕೂತೆ. ಒತ್ತಿದೆ. ಹೆಸರು ಹೋಯಿತು. ಸುತ್ತಲಿನ ನಾಲ್ಕು ಗೆರೆ ಹಾಗೇ ಉಳಿದವು. ಅಲ್ಲಿ ನನ್ನ ಹೆಸರು ಹೊಡೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟೆ.

ಮರುದಿನ ಡ್ರೈವರ್ ಹಾಳೆ ನೋಡಿ ಕೂಗಿದ. "ಒಂದನೇ ನಂಬರ್ ಯಾರು?"

ನಾನು ಗುಂಪಿನ ಹಿಂದೆ ಸರಿದೆ. ಕೊಡವನ್ನೂ ತಂದಿರಲಿಲ್ಲ.

"ಒಂದು ಆಗೋ ತನಕ ಎರಡು ಬಿಡಂಗಿಲ್ಲ," ಎಂದು ಡ್ರೈವರ್ ಬೀಡಿ ಹಚ್ಚಿ ಕೂತ. ಹಿಂದಿನ ವಾರ ಜಗಳವಾದಾಗ ಸಾಹೇಬರೇ ಹಾಕಿದ ಕಾನೂನು. ಬಿಸಿಲು ಏರಿತು. ಬೊಬ್ಬೆ ಎದ್ದಿತು, ಹೇಳಿದಂತೆ ಸಾಹೇಬರೂ ಬಂದರು.

ಎರಡನೇ ಪಾಳಿಯ ಬಾಯಿ ಕೊಡ ಹಿಡಿದು ಸಾಹೇಬರ ಮುಂದೆ ಹೋದಳು. "ಬರೀರಿ ಸಾಹೇಬ, ಆಕಿ ಹೆಸರ ಬರೀರಿ! ಜೀವ ಇದ್ದಾಗ ಆಕಿಯನ್ನ ದಾಟಿ ಒಂದು ಕೊಡ ತುಂಬಿಸ್ಲಿಕ್ಕೆ ನಮಗ ಆಗಿಲ್ಲ. ಈಗ ಆಗ್ತದೇನು?"

ಸಾಹೇಬರು ಪೆನ್ನು ತೆಗೆದರು. ಖಾಲಿ ಖಾನೆಯಲ್ಲಿ ತಾವೇ ಬರೆದರು. ಡ್ರೈವರ್ ಗಲ್ಲಿಗೆಲ್ಲ ಕೇಳುವಂತೆ ನಮ್ಮಾಕಿಯ ಹೆಸರು ಕೂಗಿದ.

ಬಾಯಿ ತನ್ನ ಕೊಡವನ್ನೇ ನನ್ನ ಕೈಗೆ ತುರುಕಿದಳು. "ಲಗೂ ಹೋಗ್ರಿ ಕಾಕಾ. ತಡ ಮಾಡಿದ್ರ ಆಕಿ ಬೈತಾಳ."

ಓಡಿದೆ.